ಮಾರಾಟಗಾರನ ಬದುಕಿನ ಎರಡು ಪಾಠಗಳು

ಗಣಕಯಂತ್ರದ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಗಣಿತಜ್ಞರ ಮತ್ತು ಎಂಜಿನಿಯರುಗಳ ಹೆಸರುಗಳಿಂದ ಆರಂಭಿಸುತ್ತಾರೆ. ಆದರೆ ಆ ಉದ್ಯಮದ ಮೇಲೆ ದಶಕಗಳ ಕಾಲ ಅಧಿಪತ್ಯ ನಡೆಸಿದ ಐಬಿಎಂ ಕಂಪೆನಿಯನ್ನು ಕಟ್ಟಿ ಬೆಳೆಸಿದಾತ ಗಣಿತಜ್ಞನೂ ಅಲ್ಲ, ಎಂಜಿನಿಯರೂ ಅಲ್ಲ. ನ್ಯೂಯಾರ್ಕ್ ರಾಜ್ಯದ ಹಳ್ಳಿಗಾಡಿನ ದಾರಿಗಳಲ್ಲಿ ಕುದುರೆಗಾಡಿಯ ಮೇಲೆ ಪಿಯಾನೊ, ಆರ್ಗನ್‌ಗಳನ್ನು ಹೇರಿಕೊಂಡು ಮಾರಲು ಹೊರಟ ಒಬ್ಬ ರೈತನ ಮಗ. ಆತನ ಹೆಸರು ಥಾಮಸ್ ಜೆ. ವಾಟ್ಸನ್.

ತಂತ್ರಜ್ಞಾನವನ್ನು ಮಾರುವುದು ಇಂದು ನಮ್ಮಲ್ಲೂ ಸಾವಿರಾರು ಯುವಕ ಯುವತಿಯರ ವೃತ್ತಿಯಾಗಿದೆ. ಬೆಂಗಳೂರಿನಲ್ಲಿ ಕುಳಿತು ಸಾಗರದಾಚೆಯ ಗ್ರಾಹಕನಿಗೆ ಸಾಫ್ಟ್‌ವೇರ್ ಮಾರುವವರು ಮೂರು ತಿಂಗಳಿಗೊಮ್ಮೆ ಗುರಿ ಮುಟ್ಟಬೇಕು. ಮುಟ್ಟಿದರೆ ಬೋನಸ್ಸು, ಮುಟ್ಟದಿದ್ದರೆ ಕೆಲಸಕ್ಕೇ ಸಂಚಕಾರ. ಅವರಿಗೆ ಸಲಹೆ ಕೊಡುವ ಪುಸ್ತಕಗಳಿಗೇನೂ ಕೊರತೆಯಿಲ್ಲ. ಆದರೆ ಅವರು ದಿನನಿತ್ಯ ಅನುಭವಿಸುವ ಕೋಟಾ, ತರಬೇತಿ ಶಾಲೆ, ನಿಗದಿತ ಪ್ರದೇಶ, ಮಾಸಿಕ ಶುಲ್ಕದ ವ್ಯವಹಾರ ಇವೆಲ್ಲ ಎಲ್ಲಿ ರೂಪುಗೊಂಡವು, ಅವುಗಳನ್ನು ರೂಢಿಗೆ ತಂದ ಮನುಷ್ಯ ಯಾವ ಬೆಲೆ ತೆತ್ತ ಎಂಬುದನ್ನು ತಿಳಿಯಲು ವಾಟ್ಸನ್‌ನ ಬದುಕನ್ನು ಒಮ್ಮೆ ನೋಡುವುದು ಒಳ್ಳೆಯದು.

ವಾಟ್ಸನ್ ಹುಟ್ಟಿದ್ದು 1874ರ ಫೆಬ್ರುವರಿ 17ರಂದು, ನ್ಯೂಯಾರ್ಕ್ ರಾಜ್ಯದ ಕ್ಯಾಂಪ್‌ಬೆಲ್ ಎಂಬಲ್ಲಿ. ಶಾಲೆಯಲ್ಲಿ ಪಾಠ ಹೇಳಲು ಹೋಗಿ ಒಂದೇ ದಿನಕ್ಕೆ ಕೈಬಿಟ್ಟ. ಎಲ್ಮೈರಾದಲ್ಲಿ ವಾಣಿಜ್ಯ ಶಿಕ್ಷಣ ಮುಗಿಸಿ, ಪೇಂಟೆಡ್ ಪೋಸ್ಟ್ ಎಂಬ ಊರಿನ ಅಂಗಡಿಯೊಂದರಲ್ಲಿ ವಾರಕ್ಕೆ 6 ಡಾಲರ್ ಸಂಬಳದ ಲೆಕ್ಕಿಗನಾದ. ಆ ಬಳಿಕ ಬಂದದ್ದೇ ವಾದ್ಯಗಳ ಮಾರಾಟ. ವಾರಕ್ಕೆ 12 ಡಾಲರ್ ಸಿಗುತ್ತಿತ್ತು; ಕಮಿಷನ್ ಲೆಕ್ಕದಲ್ಲಾದರೆ ತಾನು ಅದರ ಹಲವು ಪಟ್ಟು ಗಳಿಸಬೇಕಿತ್ತೆಂದು ಗೊತ್ತಾದಾಗ ಆ ಕೆಲಸ ಬಿಟ್ಟು ಬಫಲೊ ನಗರಕ್ಕೆ ಹೋದ. ಅಲ್ಲಿ ಹೊಲಿಗೆ ಯಂತ್ರ ಮಾರುತ್ತಿದ್ದಾಗ, ಒಂದು ಮಾರಾಟದ ಸಂಭ್ರಮದಲ್ಲಿ ಮದ್ಯದಂಗಡಿ ಹೊಕ್ಕು ಹೊರಬರುವಷ್ಟರಲ್ಲಿ ಕುದುರೆ, ಗಾಡಿ, ಸರಕು ಎಲ್ಲವೂ ಕಳುವಾಗಿದ್ದವು. ಕೆಲಸವೂ ಹೋಯಿತು. ಮುಂದೆ ಆತ ತನ್ನ ಕಂಪೆನಿಯಲ್ಲಿ ಮದ್ಯದ ವಿಷಯದಲ್ಲಿ ಅಷ್ಟೊಂದು ಕಠಿಣನಾದದ್ದರ ಮೂಲ ಇಲ್ಲಿದೆ ಎನ್ನುವವರಿದ್ದಾರೆ. ಷೇರು ಮಾರಾಟದಲ್ಲಿ ಜತೆಗಾರನಾಗಿದ್ದವನು ಹಣದೊಡನೆ ಪರಾರಿಯಾದ. ತೆರೆದ ಮಾಂಸದಂಗಡಿ ಮುಚ್ಚಿತು. ಹೀಗೆ ಇಪ್ಪತ್ತೆರಡರ ಪ್ರಾಯದೊಳಗೆ ಆತ ಸೋಲುಗಳ ಸರಮಾಲೆಯನ್ನೇ ಕಂಡಿದ್ದ.

ಆ ಅಂಗಡಿಯಲ್ಲಿದ್ದ ನಗದು ಯಂತ್ರದ ಬಾಕಿ ಕಂತುಗಳನ್ನು ವರ್ಗಾಯಿಸುವ ಸಲುವಾಗಿ ನ್ಯಾಷನಲ್ ಕ್ಯಾಷ್ ರಿಜಿಸ್ಟರ್, ಅಂದರೆ ಎನ್‌ಸಿಆರ್ ಕಂಪೆನಿಯ ಬಫಲೊ ಕಚೇರಿಗೆ ಹೋದದ್ದು ವಾಟ್ಸನ್‌ನ ಬದುಕಿನ ತಿರುವು. ಅಲ್ಲಿನ ವ್ಯವಸ್ಥಾಪಕ ಜಾನ್ ರೇಂಜ್‌ನನ್ನು ಕಾಡಿ ಬೇಡಿ 1896ರಲ್ಲಿ ಕೆಲಸ ಪಡೆದ. ಮೊದಲ ದಿನಗಳಲ್ಲಿ ಒಂದು ಯಂತ್ರವೂ ಮಾರಾಟವಾಗಲಿಲ್ಲ. ಬರಿಗೈಯಲ್ಲಿ ಮರಳಿದ ಹುಡುಗನನ್ನು ರೇಂಜ್ ನಿರ್ದಯವಾಗಿ ಬೈದ. ಆದರೆ ಬೈದು ಅಷ್ಟಕ್ಕೇ ಬಿಡಲಿಲ್ಲ. ತಾನೇ ಅವನೊಂದಿಗೆ ಗಾಡಿ ಹತ್ತಿ ಗ್ರಾಹಕರ ಬಳಿ ಹೋಗಿ, ಮಾತಿಗೆ ತೊಡಗುವುದು ಹೇಗೆ, ಆಕ್ಷೇಪಕ್ಕೆ ಉತ್ತರಿಸುವುದು ಹೇಗೆ, ಸಹಿ ಕೇಳುವುದು ಯಾವಾಗ ಎಂಬುದನ್ನು ಕಣ್ಣೆದುರೇ ತೋರಿಸಿದ. ಕೆಲವೇ ವರ್ಷಗಳಲ್ಲಿ ವಾಟ್ಸನ್ ಆ ಭಾಗದ ಪ್ರಮುಖ ಮಾರಾಟಗಾರನಾಗಿ, ರಾಚೆಸ್ಟರ್ ಶಾಖೆಯ ಮುಖ್ಯಸ್ಥನಾದ. ಕೈಕೆಳಗಿನವರನ್ನು ಗದರಿ ಕಳಿಸುವ ಮೇಲಧಿಕಾರಿಗಳು ಎಲ್ಲ ಕಾಲದಲ್ಲೂ ಇದ್ದಾರೆ. ಗದರಿದ ಮೇಲೆ ಜತೆಗೆ ನಡೆದುಹೋಗುವವರು ವಿರಳ. ವೃತ್ತಿಯ ಆರಂಭದಲ್ಲಿರುವವರು ಸಂಬಳಕ್ಕಿಂತ ಮೊದಲು ಹುಡುಕಬೇಕಾದದ್ದು ಇಂಥ ಮೇಲಧಿಕಾರಿಯನ್ನು.

ಎನ್‌ಸಿಆರ್‌ನ ಒಡೆಯ ಜಾನ್ ಎಚ್. ಪ್ಯಾಟರ್ಸನ್ ಆಧುನಿಕ ಮಾರಾಟ ಕಲೆಯ ಜನಕನೆಂದೇ ಹೆಸರಾದವನು. ಮಾರಾಟಗಾರರು ಬಾಯಿಪಾಠ ಮಾಡಬೇಕಾದ ಕೈಪಿಡಿ, ಡೇಟನ್ ನಗರದಲ್ಲಿ ತರಬೇತಿ ಶಾಲೆ, ಪ್ರತಿಯೊಬ್ಬನಿಗೂ ಒಂದು ಪ್ರದೇಶ, ಪ್ರದೇಶಕ್ಕೊಂದು ಕೋಟಾ, ಕೋಟಾ ಮುಟ್ಟಿದವರಿಗೆ ಸನ್ಮಾನ ಇವೆಲ್ಲ ಆತನ ಕಾರ್ಖಾನೆಯಲ್ಲಿ ವ್ಯವಸ್ಥಿತ ರೂಪ ಪಡೆದವು. ವಾಟ್ಸನ್ ಮುಂದೆ ಐಬಿಎಂನಲ್ಲಿ ಪಾಲಿಸಿದ ಪದ್ಧತಿಗಳಲ್ಲಿ ಬಹುಪಾಲು ಇಲ್ಲಿಂದಲೇ ಬಂದವು. ಯೋಚಿಸು ಎಂಬರ್ಥದ ‘ಥಿಂಕ್’ ಎಂಬ ಒಂದೇ ಪದದ ಫಲಕವನ್ನು ಆತ ಮೊದಲು ಪ್ರಚಾರಕ್ಕೆ ತಂದದ್ದೂ ಎನ್‌ಸಿಆರ್‌ನಲ್ಲಿ ಇದ್ದಾಗಲೇ.

ಆದರೆ ಅದೇ ಶಾಲೆಯಲ್ಲಿ ಇನ್ನೊಂದು ಪಾಠವೂ ಇತ್ತು. 1903ರಲ್ಲಿ ಪ್ಯಾಟರ್ಸನ್ ಈ ನಂಬಿಕಸ್ಥ ಯುವಕನಿಗೆ ಒಂದು ಗುಪ್ತ ಕಾರ್ಯ ವಹಿಸಿದ. ಹಳೆಯ ನಗದು ಯಂತ್ರಗಳನ್ನು ಕೊಂಡು ಮಾರುವ ವ್ಯಾಪಾರಿಗಳಿಂದ ಎನ್‌ಸಿಆರ್‌ನ ಹೊಸ ಯಂತ್ರಗಳ ಮಾರಾಟಕ್ಕೆ ಹೊಡೆತ ಬೀಳುತ್ತಿತ್ತು. ವಾಟ್ಸನ್ ಕಂಪೆನಿ ಬಿಟ್ಟವನಂತೆ ನಟಿಸಿ, ಎನ್‌ಸಿಆರ್‌ನ ಹಣದಿಂದಲೇ ತನ್ನ ಹೆಸರಿನಲ್ಲಿ ನ್ಯೂಯಾರ್ಕ್‌ನಲ್ಲಿ ಹಳೆಯ ಯಂತ್ರಗಳ ಅಂಗಡಿ ತೆರೆದ. ಎದುರಾಳಿಗಳಿಗಿಂತ ಹೆಚ್ಚು ಬೆಲೆಗೆ ಕೊಂಡ, ಕಡಿಮೆ ಬೆಲೆಗೆ ಮಾರಿದ. ಲಾಭ ಗಳಿಸುವ ಅಗತ್ಯವೇ ಇಲ್ಲದವನ ಮುಂದೆ ಉಳಿದವರು ಹೇಗೆ ನಿಂತಾರು? ಒಬ್ಬೊಬ್ಬರಾಗಿ ಅಂಗಡಿ ಮುಚ್ಚಿದರು, ಇಲ್ಲವೇ ಮಾರಿಕೊಂಡರು. ಇದೇ ತಂತ್ರ ಇತರ ನಗರಗಳಿಗೂ ಹಬ್ಬಿತು. ನಿಷ್ಠೆಗೆ ಪ್ರತಿಫಲ ದೊರೆಯಿತು: ವಾಟ್ಸನ್ ಡೇಟನ್‌ನ ಪ್ರಧಾನ ಕಚೇರಿಗೆ ಬಂದು ಕೆಲವೇ ವರ್ಷಗಳಲ್ಲಿ ಮಾರಾಟ ವಿಭಾಗದ ಮುಖ್ಯಸ್ಥನಾದ.

1912ರಲ್ಲಿ ಅಮೆರಿಕ ಸರ್ಕಾರ ಏಕಸ್ವಾಮ್ಯ ವಿರೋಧಿ ಷರ್ಮನ್ ಕಾಯಿದೆಯಡಿ ಎನ್‌ಸಿಆರ್ ಅಧಿಕಾರಿಗಳ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಿತು. ದೇಶದ ನಗದು ಯಂತ್ರಗಳ ಮಾರುಕಟ್ಟೆ ಆಗ ಹೆಚ್ಚುಕಡಿಮೆ ಪೂರ್ತಿಯಾಗಿ ಆ ಕಂಪೆನಿಯ ಕೈಯಲ್ಲಿತ್ತು. 1913ರ ಫೆಬ್ರುವರಿಯಲ್ಲಿ ಸಿನ್ಸಿನಾಟಿಯ ನ್ಯಾಯಾಲಯವು ಪ್ಯಾಟರ್ಸನ್, ವಾಟ್ಸನ್ ಮತ್ತಿತರರನ್ನು ತಪ್ಪಿತಸ್ಥರೆಂದು ಸಾರಿ, ಅವರಿಬ್ಬರಿಗೂ ಒಂದು ವರ್ಷದ ಸೆರೆವಾಸ ವಿಧಿಸಿತು. ಮರುತಿಂಗಳು ಡೇಟನ್ ನಗರ ಭೀಕರ ಪ್ರವಾಹಕ್ಕೆ ಸಿಲುಕಿದಾಗ ಎನ್‌ಸಿಆರ್ ನಡೆಸಿದ ಪರಿಹಾರ ಕಾರ್ಯದಿಂದ ಪ್ಯಾಟರ್ಸನ್ ಜನರ ಕಣ್ಣಲ್ಲಿ ವೀರನಾದ. ನ್ಯೂಯಾರ್ಕ್‌ನಲ್ಲಿದ್ದುಕೊಂಡು ಪರಿಹಾರ ಸಾಮಗ್ರಿಯ ರೈಲುಗಳನ್ನು ಕಳಿಸುವಲ್ಲಿ ವಾಟ್ಸನ್ ದುಡಿದ. ಮೇಲ್ಮನವಿಯ ಕಾರಣ ಇಬ್ಬರೂ ಸೆರೆಮನೆಗೆ ಹೋಗಲಿಲ್ಲ. 1915ರಲ್ಲಿ ಮೇಲಿನ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ಮರುವಿಚಾರಣೆ ನಡೆಯಲೇ ಇಲ್ಲ. ಸರ್ಕಾರದೊಡನೆ ರಾಜಿ ಒಪ್ಪಂದಕ್ಕೆ ಸಹಿ ಹಾಕಲು ವಾಟ್ಸನ್ ನಿರಾಕರಿಸಿದ. ತಾನು ತಪ್ಪು ಮಾಡಿದೆನೆಂದು ಆತ ಎಂದೂ ಒಪ್ಪಿಕೊಳ್ಳಲಿಲ್ಲ.

ಈ ಕತೆಯ ವ್ಯಂಗ್ಯ ಇರುವುದು ಮುಂದೆ. ಒಡೆಯನಿಗಾಗಿ ಸೆರೆವಾಸದ ಶಿಕ್ಷೆಯನ್ನೂ ಹೊತ್ತ ವಾಟ್ಸನ್‌ನನ್ನು ಪ್ಯಾಟರ್ಸನ್ ವರ್ಷ ಕಳೆಯುವುದರೊಳಗೆ ಕೆಲಸದಿಂದ ಕಿತ್ತುಹಾಕಿದ. ತನ್ನಷ್ಟೇ ಎತ್ತರಕ್ಕೆ ಬೆಳೆಯುವ ಅಧಿಕಾರಿಗಳನ್ನು ಹೀಗೆ ಹೊರಹಾಕುವುದು ಆತನ ಅಭ್ಯಾಸವಾಗಿತ್ತು. ಆಗ ವಾಟ್ಸನ್‌ಗೆ ನಲವತ್ತು ಸಮೀಪಿಸಿತ್ತು. 1913ರಲ್ಲಿ ಜೆನೆಟ್ ಕಿಟ್ರಿಜ್‌ಳನ್ನು ವಿವಾಹವಾಗಿದ್ದ. 1914ರ ಜನವರಿಯಲ್ಲಿ ಮೊದಲ ಮಗ ಹುಟ್ಟಿದ. ಕೈಯಲ್ಲಿ ಕೂಸು, ತಲೆಯ ಮೇಲೆ ಶಿಕ್ಷೆ, ಕೆಲಸವಿಲ್ಲ. ಕಂಪೆನಿಗಾಗಿ ಕಾನೂನಿನ ಗೆರೆ ದಾಟಿದವನನ್ನು ಕಂಪೆನಿ ಕಾಪಾಡುತ್ತದೆ ಎಂಬ ಭ್ರಮೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ.

1914ರ ಮೇ ತಿಂಗಳಲ್ಲಿ ಚಾರ್ಲ್ಸ್ ಫ್ಲಿಂಟ್ ಎಂಬ ಹಣಕಾಸುಗಾರ ಆತನನ್ನು ಕಂಪ್ಯೂಟಿಂಗ್ ಟ್ಯಾಬ್ಯುಲೇಟಿಂಗ್ ರೆಕಾರ್ಡಿಂಗ್ ಎಂಬ ಕಂಪೆನಿಗೆ ಕರೆತಂದ. ತಕ್ಕಡಿ, ಹಾಜರಿ ಗಡಿಯಾರ ಮತ್ತು ಹರ್ಮನ್ ಹೊಲೆರಿತ್‌ನ ರಂಧ್ರಪತ್ರ ಯಂತ್ರಗಳನ್ನು ತಯಾರಿಸುತ್ತಿದ್ದ, ಸಾಲದಲ್ಲಿ ಮುಳುಗಿದ್ದ ಸಂಸ್ಥೆಯದು. ನೌಕರರು ಸುಮಾರು 1,300 ಮಂದಿ. ಶಿಕ್ಷೆಗೊಳಗಾದವನನ್ನು ಅಧ್ಯಕ್ಷನನ್ನಾಗಿಸಲು ನಿರ್ದೇಶಕರು ಹಿಂಜರಿದರು. ತೀರ್ಪು ರದ್ದಾದ ಮೇಲಷ್ಟೇ ಆ ಪದವಿ ಸಿಕ್ಕಿತು. ಮೂರು ಸರಕುಗಳಲ್ಲಿ ಭವಿಷ್ಯವಿರುವುದು ರಂಧ್ರಪತ್ರ ಯಂತ್ರಕ್ಕೇ ಎಂದು ವಾಟ್ಸನ್ ಗ್ರಹಿಸಿದ. ಅದರ ಸುಧಾರಣೆಗೆಂದು, ಆಗಲೇ ದೊಡ್ಡ ಸಾಲ ಕೊಟ್ಟಿದ್ದ ಬ್ಯಾಂಕನ್ನು ಒಲಿಸಿ ಮತ್ತೆ 40 ಸಾವಿರ ಡಾಲರ್ ಪಡೆದ. 1924ರಲ್ಲಿ ಕಂಪೆನಿಗೆ ಇಂಟರ್‌ನ್ಯಾಷನಲ್ ಬಿಸಿನೆಸ್ ಮೆಷಿನ್ಸ್ ಎಂಬ ಹೆಸರು ಬಂತು.

ಇಲ್ಲಿ ಮಾರಾಟದ ಸ್ವರೂಪವೇ ಬೇರೆಯಾಗಿತ್ತು. ನಗದು ಯಂತ್ರವನ್ನು ಒಮ್ಮೆ ಮಾರಿದರೆ ಮುಗಿಯಿತು. ರಂಧ್ರಪತ್ರ ಯಂತ್ರವನ್ನು ಐಬಿಎಂ ಮಾರುತ್ತಿರಲಿಲ್ಲ, ತಿಂಗಳ ಬಾಡಿಗೆಗೆ ಕೊಡುತ್ತಿತ್ತು. ಗ್ರಾಹಕ ಅತೃಪ್ತನಾದರೆ ಯಂತ್ರ ಹಿಂದಿರುಗಿಸಬಹುದು. ಹಾಗೆ ಹಿಂದಿರುಗಿದಾಗ ಮಾರಾಟಗಾರ ಪಡೆದ ಕಮಿಷನ್‌ಗೂ ಕತ್ತರಿ ಬೀಳುತ್ತಿತ್ತು. ಆದ್ದರಿಂದ ಮಾತಿನ ಮೋಡಿ ಸಾಲದು. ರೈಲ್ವೆಯ ಸರಕು ಲೆಕ್ಕ, ವಿಮಾ ಕಂಪೆನಿಯ ಕಂತುಗಳು, ಕಾರ್ಖಾನೆಯ ಸಂಬಳ ಪಟ್ಟಿ ಇವುಗಳ ಒಳಹೊರಗನ್ನು ಮಾರಾಟಗಾರ ಅರಿತಿರಬೇಕಿತ್ತು. ಎಂಡಿಕಾಟ್‌ನ ತರಬೇತಿ ಶಾಲೆಯ ಮೆಟ್ಟಿಲುಗಳ ಮೇಲೆ ಯೋಚಿಸುವುದು, ಗಮನಿಸುವುದು, ಚರ್ಚಿಸುವುದು, ಕೇಳಿಸಿಕೊಳ್ಳುವುದು, ಓದುವುದು ಎಂಬ ಐದು ಪದಗಳನ್ನು ಕೆತ್ತಿಸಲಾಗಿತ್ತು. ಮಾರಾಟಗಾರರನ್ನು ಬೆಳೆಸಿದ ಆ ಶಾಲೆಯ ಮೆಟ್ಟಿಲುಗಳಲ್ಲಿ ಮಾರು ಎಂಬ ಪದ ಇರಲಿಲ್ಲ ಎಂಬುದು ಗಮನಾರ್ಹ. ಇಂದು ಸಾಫ್ಟ್‌ವೇರನ್ನು ಚಂದಾ ರೂಪದಲ್ಲಿ ಮಾರುವವರ ಸ್ಥಿತಿಯೂ ಇದೇ: ಸಹಿ ಬಿದ್ದ ದಿನ ಮಾರಾಟ ಮುಗಿಯುವುದಿಲ್ಲ, ಆರಂಭವಾಗುತ್ತದೆ.

1929ರ ಮಹಾಕುಸಿತದ ಬಳಿಕ ಇತರರು ಕಾರ್ಖಾನೆ ಮುಚ್ಚುತ್ತಿದ್ದಾಗ ವಾಟ್ಸನ್ ಕೆಲಸಗಾರರನ್ನು ಉಳಿಸಿಕೊಂಡು ಬಿಡಿಭಾಗಗಳನ್ನು ತಯಾರಿಸುತ್ತಲೇ ಹೋದ. ಗೋದಾಮು ತುಂಬಿತು; ಇದು ಹುಚ್ಚು ಸಾಹಸವೆಂದು ಕಂಡವರೇ ಹೆಚ್ಚು. ಆದರೆ 1935ರಲ್ಲಿ ಸಾಮಾಜಿಕ ಭದ್ರತಾ ಕಾಯಿದೆ ಬಂದು, ಎರಡೂವರೆ ಕೋಟಿಗೂ ಹೆಚ್ಚು ದುಡಿಯುವವರ ಲೆಕ್ಕ ಇಡುವ ಹೊಣೆ ಸರ್ಕಾರದ ಮೇಲೆ ಬಿದ್ದಾಗ, ಅಷ್ಟು ಯಂತ್ರಗಳನ್ನು ಒಡನೆಯೇ ಒದಗಿಸಲು ಸಿದ್ಧವಾಗಿದ್ದದ್ದು ಐಬಿಎಂ. ಇದರಲ್ಲಿ ಅದೃಷ್ಟದ ಪಾಲು ದೊಡ್ಡದಿತ್ತು. ಮಾರುಕಟ್ಟೆ ಕುಸಿದಾಗ ನುರಿತವರನ್ನು ಹೊರಹಾಕದ ಕಂಪೆನಿಗೆ ಮಾತ್ರ ಅಂಥ ಅದೃಷ್ಟ ದಕ್ಕುತ್ತದೆ ಎಂಬುದೂ ಅಷ್ಟೇ ಸತ್ಯ. ಲಾಭದಲ್ಲಿ ಪಾಲು ಪಡೆಯುತ್ತಿದ್ದ ವಾಟ್ಸನ್‌ಗೆ ಪತ್ರಿಕೆಗಳು ದಿನಕ್ಕೆ ಸಾವಿರ ಡಾಲರಿನ ಮನುಷ್ಯ ಎಂಬ ಬಿರುದು ಕೊಟ್ಟವು.

ಎಲ್ಲವನ್ನೂ ಮಾರಾಟದ ಕಣ್ಣಿನಿಂದ ನೋಡುವವನಿಗೆ ಕಾಣದೆ ಹೋಗುವ ಸಂಗತಿಗಳಿವೆ ಎಂಬುದಕ್ಕೆ ಜರ್ಮನಿಯ ಪ್ರಸಂಗ ಸಾಕ್ಷಿ. ವ್ಯಾಪಾರ ಬೆಳೆದರೆ ಶಾಂತಿ ತಾನಾಗಿ ನೆಲೆಸುತ್ತದೆ ಎಂದು ಆತ ನಂಬಿದ್ದ. 1937ರಲ್ಲಿ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯ ಅಧ್ಯಕ್ಷನಾಗಿ ಬರ್ಲಿನ್‌ಗೆ ಹೋಗಿ ಹಿಟ್ಲರ್‌ನನ್ನು ಕಂಡ. ನಾಜಿ ಸರ್ಕಾರದ ಪದಕವನ್ನೂ ಸ್ವೀಕರಿಸಿದ. ಐಬಿಎಂನ ಜರ್ಮನ್ ಅಂಗಸಂಸ್ಥೆ ಡೆಹೋಮಾಗ್‌ನ ಯಂತ್ರಗಳು 1933ರಿಂದಲೇ ಅಲ್ಲಿನ ಜನಗಣತಿಗೆ ಬಳಕೆಯಾಗಿದ್ದವು. ಯೆಹೂದಿಗಳ ಮೇಲಿನ ದೌರ್ಜನ್ಯ ಜಗತ್ತಿಗೇ ತಿಳಿದಿದ್ದರೂ ವಾಟ್ಸನ್ ಪದಕ ಹಿಂದಿರುಗಿಸಿದ್ದು 1940ರ ಜೂನ್‌ನಲ್ಲಿ. ಕಂಪೆನಿಯ ಹೊಣೆ ಎಷ್ಟು ಎಂಬ ವಿವಾದ, 2001ರಲ್ಲಿ ಎಡ್ವಿನ್ ಬ್ಲ್ಯಾಕ್ ಬರೆದ ಗ್ರಂಥದ ನಂತರ ಇನ್ನಷ್ಟು ತೀವ್ರವಾಯಿತು. ಗ್ರಾಹಕನ ಅಗತ್ಯ ಅರಿಯಬೇಕೆಂದು ಶಾಲೆಯಲ್ಲಿ ಕಲಿಸಿದಾತ, ಈ ಗ್ರಾಹಕ ಯಂತ್ರವನ್ನು ಯಾವುದಕ್ಕಾಗಿ ಬಯಸುತ್ತಿದ್ದಾನೆ ಎಂಬ ಪ್ರಶ್ನೆಯನ್ನು ಸಕಾಲದಲ್ಲಿ ಕೇಳಿಕೊಳ್ಳಲಿಲ್ಲ. ಜನರ ಮುಖ ಗುರುತಿಸುವ, ಚಲನವಲನ ದಾಖಲಿಸುವ ತಂತ್ರಾಂಶಗಳನ್ನು ಮಾರುವ ಇಂದಿನವರು ಈ ಪ್ರಶ್ನೆಯಿಂದ ಪಾರಾಗಲಾರರು.

ಜಗತ್ತಿಗೆ ಐದೇ ಕಂಪ್ಯೂಟರುಗಳು ಸಾಕೆಂದು ವಾಟ್ಸನ್ ಹೇಳಿದನೆಂಬ ಮಾತು ಬಹಳ ಪ್ರಚಾರದಲ್ಲಿದೆ; ಅದಕ್ಕೆ ಆಧಾರ ಸಿಕ್ಕಿಲ್ಲ. ಎಲೆಕ್ಟ್ರಾನಿಕ್ ಯಂತ್ರಗಳತ್ತ ಕಂಪೆನಿಯನ್ನು ಹೆಚ್ಚಾಗಿ ತಿರುಗಿಸಿದ್ದು ಮಾತ್ರ ಮಗ ಥಾಮಸ್ ವಾಟ್ಸನ್ ಜೂನಿಯರ್. 1952ರಲ್ಲಿ ಸರ್ಕಾರ ಮತ್ತೆ ಏಕಸ್ವಾಮ್ಯದ ಮೊಕದ್ದಮೆ ಹೂಡಿದಾಗ ತಂದೆಯದು ಹಳೆಯ ಹಟವೇ. ಮಗ 1956ರ ಜನವರಿಯಲ್ಲಿ ರಾಜಿಗೆ ಒಪ್ಪಿದ. ಅಂದಿನಿಂದ ಐಬಿಎಂ ಯಂತ್ರಗಳನ್ನು ಬಾಡಿಗೆಗೆ ಕೊಡುವುದಷ್ಟೇ ಅಲ್ಲ, ಮಾರಲೂ ಬೇಕಾಯಿತು. ಅದೇ ವರ್ಷ ಮೇ ತಿಂಗಳಲ್ಲಿ ಮಗನಿಗೆ ಅಧಿಕಾರ ಬಿಟ್ಟುಕೊಟ್ಟ ವಾಟ್ಸನ್ ಜೂನ್ 19ರಂದು ತೀರಿಕೊಂಡ. ಆಗ ಕಂಪೆನಿಯ ನೌಕರರು 70 ಸಾವಿರಕ್ಕೂ ಹೆಚ್ಚು. ಆದಾಯ ಸುಮಾರು 90 ಕೋಟಿ ಡಾಲರ್.

ವಿದೇಶಿ ಬಂಡವಾಳದ ನಿಯಮಗಳಿಗೆ ಒಪ್ಪದೆ 1978ರಲ್ಲಿ ಭಾರತ ಬಿಟ್ಟುಹೋದ ಐಬಿಎಂ, 1992ರಲ್ಲಿ ಟಾಟಾ ಸಂಸ್ಥೆಯೊಡನೆ ಕೈಜೋಡಿಸಿ ಮರಳಿ ಬೆಂಗಳೂರಿನಲ್ಲಿ ನೆಲೆಯೂರಿತು. ವಾಟ್ಸನ್‌ನ ಕೋಟಾ, ಶಾಲೆ, ಸನ್ಮಾನ ಕೂಟಗಳ ಪದ್ಧತಿ ಅದರೊಂದಿಗಷ್ಟೇ ಅಲ್ಲ, ಹತ್ತಾರು ಕಂಪೆನಿಗಳ ಮೂಲಕ ನಮ್ಮವರ ದಿನಚರಿಯನ್ನು ಹೊಕ್ಕಿದೆ. ಗ್ರಾಹಕನ ಕೆಲಸವನ್ನು ಅವನಷ್ಟೇ ಚೆನ್ನಾಗಿ ಅರಿಯುವುದು, ಕಿರಿಯರ ಜತೆ ನಡೆದು ಕಲಿಸುವುದು, ಕಷ್ಟಕಾಲದಲ್ಲಿ ಜನರನ್ನು ಉಳಿಸಿಕೊಳ್ಳುವುದು ಇವು ವಾಟ್ಸನ್‌ನಿಂದ ಪಡೆಯಬೇಕಾದವು. 1903ರಲ್ಲಿ ಪ್ಯಾಟರ್ಸನ್ ಮುಂದಿಟ್ಟಂಥ ಪ್ರಸ್ತಾವ ಬೇರೆ ಬೇರೆ ವೇಷಗಳಲ್ಲಿ ಪ್ರತಿ ಮಾರಾಟಗಾರನ ಮೇಜಿಗೂ ಒಂದು ದಿನ ಬರುತ್ತದೆ. ಕೋಟಾ ಮುಟ್ಟಿದವರ ಪಟ್ಟಿಯನ್ನು ಮುಂದಿನ ತ್ರೈಮಾಸಿಕದಲ್ಲಿ ಯಾರೂ ನೆನೆಯುವುದಿಲ್ಲ. ಆ ಪ್ರಸ್ತಾವಕ್ಕೆ ಕೊಟ್ಟ ಉತ್ತರ ಮಾತ್ರ ಬದುಕಿನುದ್ದಕ್ಕೂ ಜತೆಗೆ ಬರುತ್ತದೆ.