ನಾಗರಿಕತೆಯನ್ನೇ ಪ್ರಶ್ನಿಸಿದ ರೂಸೋ



ವಿದ್ಯೆ, ಕಲೆ, ವಿಜ್ಞಾನ ಬೆಳೆದಂತೆಲ್ಲ ಮನುಷ್ಯ ಒಳ್ಳೆಯವನಾಗುತ್ತಾನೆಂದು ನಾವೆಲ್ಲ ನಂಬಿದ್ದೇವೆ. ಇದು ನಿಜವೇ ಎಂದು ಯೂರೋಪಿನ ಪಂಡಿತರ ನಡುವೆ ನಿಂತು ಕೇಳಿದವನು ಜಾನ್ ಜಾಕ್ ರೂಸೋ. ಅವನ ಬಾಳಿನ ಕಥೆಯನ್ನು ಇಲ್ಲಿ ಸಂಕ್ಷೇಪವಾಗಿ ನಿವೇದಿಸುತ್ತೇವೆ.

ರೂಸೋ 1712ರ ಜೂನ್ 28ರಂದು ಜಿನೀವಾದಲ್ಲಿ ಜನಿಸಿದನು. ಕೆಲವೇ ದಿನಗಳಲ್ಲಿ ತಾಯಿ ತೀರಿಕೊಂಡಳು. ತಂದೆ ಗಡಿಯಾರ ಮಾಡುವ ಕಸುಬಿನವನು. ಮಗನಿಗೆ ಹತ್ತು ವರ್ಷವಾಗಿದ್ದಾಗ ಜಗಳವೊಂದರ ನಿಮಿತ್ತ ಊರನ್ನೇ ತೊರೆದನು. ಹುಡುಗನನ್ನು ಕೆತ್ತನೆಗಾರನೊಬ್ಬನ ಬಳಿ ಕೆಲಸ ಕಲಿಯಲು ಬಿಟ್ಟರು. ಅಲ್ಲಿ ಏಟಿಗೇನೂ ಕಡಿಮೆ ಇರಲಿಲ್ಲ. 1728ರಲ್ಲಿ ಒಂದು ಸಂಜೆ ಹೊರಗಿನಿಂದ ಮರಳುವಷ್ಟರಲ್ಲಿ ನಗರದ ಬಾಗಿಲು ಮುಚ್ಚಿತ್ತು. ರೂಸೋ ಮತ್ತೆ ಒಡೆಯನ ಮನೆಗೆ ಹೋಗಲಿಲ್ಲ, ದೇಶಾಂತರ ಹೊರಟನು. ಸ್ವಂತವಾಗಿ ಓದಿ, ಸಂಗೀತ ಕಲಿತು, 1742ರಲ್ಲಿ ಪ್ಯಾರಿಸ್ ಸೇರಿದನು.

1749ರಲ್ಲಿ ಗೆಳೆಯ ದಿದರೋ ವಿನ್ಸೆನ್ನಿನಲ್ಲಿ ಸೆರೆಯಲ್ಲಿದ್ದನು. ಬಂಡಿಗೆ ಹಣವಿಲ್ಲದೆ ರೂಸೋ ನಡೆದೇ ಅವನನ್ನು ಕಾಣಲು ಹೊರಟಿದ್ದನು. ದಾರಿಯಲ್ಲಿ ಓದಿದ ಪತ್ರಿಕೆಯಲ್ಲಿ ದಿಜೋನ್ ಅಕಾಡೆಮಿಯ ಪ್ರಬಂಧ ಸ್ಪರ್ಧೆಯ ಪ್ರಕಟಣೆಯಿತ್ತು. ವಿಜ್ಞಾನ ಮತ್ತು ಕಲೆಗಳ ಏಳಿಗೆಯಿಂದ ನಡತೆ ಶುದ್ಧವಾಯಿತೇ ಎಂಬುದು ವಿಷಯ. ಇಲ್ಲ, ಕೆಟ್ಟಿತು ಎಂದು ಬರೆದ ರೂಸೋನಿಗೆ 1750ರಲ್ಲಿ ಬಹುಮಾನ ಬಂದಿತು. 1755ರ ಇನ್ನೊಂದು ಪ್ರಬಂಧದಲ್ಲಿ ಅವನು ಕಾರಣವನ್ನೂ ಹೇಳಿದನು: ಹುಟ್ಟಿನಿಂದ ಮನುಷ್ಯನಲ್ಲಿ ಕರುಣೆಯಿದೆ, ಆಸ್ತಿ ಬಂದ ಮೇಲೆ ಹೋಲಿಕೆ ಬಂದಿತು, ಹೋಲಿಕೆಯಿಂದ ಅಸೂಯೆ ಬಂದಿತು, ಪರರ ಕಣ್ಣಿಗೆ ದೊಡ್ಡವನಾಗಿ ಕಾಣುವುದೇ ಬಾಳಾಯಿತು.

ಇದನ್ನೋದಿದ ವಾಲ್ಟೇರ್, ಮನುಷ್ಯರು ನಾಲ್ಕು ಕಾಲಿನ ಮೇಲೆ ನಡೆಯಬೇಕೇನೋ ಎಂದು ಅಣಕಿಸಿ ಪತ್ರ ಬರೆದನು. ಆದರೆ ಕಾಡಿಗೆ ಮರಳಿರೆಂದು ರೂಸೋ ಎಲ್ಲಿಯೂ ಹೇಳಿರಲಿಲ್ಲ. ಮರಳುವ ದಾರಿಯಿಲ್ಲವೆಂದು ಬಲ್ಲವನಾದ್ದರಿಂದಲೇ ರಾಜ್ಯ ಹೇಗಿರಬೇಕು, ಮಕ್ಕಳನ್ನು ಹೇಗೆ ಬೆಳೆಸಬೇಕು ಎಂದು 1762ರಲ್ಲಿ ಎರಡು ಗ್ರಂಥ ಬರೆದನು.

ನುಡಿದಂತೆ ನಡೆಯಲೂ ಅವನು ಯತ್ನಿಸಿದನು. ಆಡಂಬರದ ಉಡುಪು ಬಿಟ್ಟನು. ಗಡಿಯಾರದವನ ಮಗ ತನ್ನ ಗಡಿಯಾರವನ್ನೇ ಮಾರಿದನು. 1752ರಲ್ಲಿ ಅವನ ಸಂಗೀತ ನಾಟಕವನ್ನು ದೊರೆ ಮೆಚ್ಚಿ ಕರೆಸಿದಾಗ, ಮಾಸಾಶನದ ಆಸೆಯನ್ನೂ ಬಿಟ್ಟು, ಕಾಣದೆ ಹೊರಟುಹೋದನು. ಸಂಗೀತದ ಪ್ರತಿಗಳನ್ನು ಪುಟಕ್ಕಿಷ್ಟೆಂದು ನಕಲು ಮಾಡಿ ಹೊಟ್ಟೆ ಹೊರೆದನು.

ಆದರೆ ಜಮಾ ಬರೆದವರು ಖರ್ಚನ್ನೂ ಬರೆಯಬೇಕು. ಬಾಳಸಂಗಾತಿ ತೆರೇಸಾಳಲ್ಲಿ ಹುಟ್ಟಿದ ಐದು ಮಕ್ಕಳನ್ನೂ ಅವನು ಅನಾಥಾಲಯಕ್ಕೆ ಕೊಟ್ಟುಬಿಟ್ಟನು. ಇದನ್ನು 1764ರಲ್ಲಿ ವಾಲ್ಟೇರ್ ಹೆಸರು ಹಾಕದ ಕಿರುಹೊತ್ತಗೆಯಲ್ಲಿ ಬಯಲಿಗಿಟ್ಟನು. ಮಕ್ಕಳ ಪಾಲನೆ ಕುರಿತು ಯೂರೋಪಿಗೇ ಬುದ್ಧಿ ಹೇಳಿದವನು ತನ್ನ ಮಕ್ಕಳ ಮುಖ ಮತ್ತೆ ಕಾಣಲಿಲ್ಲ. ಆ ತಪ್ಪನ್ನು ತನ್ನ ಆತ್ಮಕಥೆಯಲ್ಲಿ ತಾನೇ ಬರೆದನು, ನೆವಗಳನ್ನೂ ಬರೆದನು.

ಗ್ರಂಥಗಳನ್ನು ಪ್ಯಾರಿಸಿನಲ್ಲೂ ಜಿನೀವಾದಲ್ಲೂ ಸುಡಿಸಿದರು. 1765ರಲ್ಲಿ ಮೋತಿಯೇ ಎಂಬ ಹಳ್ಳಿಯಲ್ಲಿ ಅವನ ಮನೆಗೆ ಕಲ್ಲು ಬಿದ್ದವು. ಅಲೆದಲೆದು 1778ರ ಜುಲೈ 2ರಂದು ಎರ್ಮನಾನ್ವಿಲ್‌ನಲ್ಲಿ ಕಣ್ಣು ಮುಚ್ಚಿದನು. ಅದೇ ವರ್ಷದ ಮೇ 30ರಂದು ವಾಲ್ಟೇರನೂ ತೀರಿದ್ದನು. ಮುಂದೆ ಇಬ್ಬರ ಅವಶೇಷಗಳನ್ನೂ ಪ್ಯಾರಿಸಿನ ಪ್ಯಾಂಥಿಯನ್ ಭವನಕ್ಕೆ ತಂದರು. ವಾದಿಸಿದ ಇಬ್ಬರೂ ಇಂದು ಅಲ್ಲಿ ಎದುರುಬದುರಾಗಿ ಮಲಗಿದ್ದಾರೆ.

ರೂಸೋ ತಾನು ಬಾಳಲಾರದ್ದನ್ನು ಬರೆದನೆಂದು ಅವನ ಪ್ರಶ್ನೆ ಸುಳ್ಳಾಗದು. ಓದಿನಿಂದ ಜಾಣರಾದೆವು, ಒಳ್ಳೆಯವರಾದೆವೇ? ಇದಕ್ಕೆ ಉತ್ತರವನ್ನು ಊರವರ ಬಾಯಿಂದಲ್ಲ, ಮನೆಮಂದಿಯ ಬಾಯಿಂದ ಕೇಳಬೇಕೆಂದು ನಮಗೆ ತೋರುತ್ತದೆ.