ಲಾ ಓದಲು ಪುಣೆಗೆ ಹೋದ ನಿಜಲಿಂಗಪ್ಪ

ಹಿರೇನಲ್ಲೂರು ಕಡೆ ಹುಡುಗರು ಲಾ ಓದ್ಬೇಕಂದ್ರೆ ಈಗ ಚಿಕ್ಕಮಗಳೂರು, ಹಾಸನ, ಶಿವಮೊಗ್ಗದಲ್ಲೇ ಕಾಲೇಜಿದೆ. ನೂರು ವರ್ಷದ ಹಿಂದೆ ಎಸ್. ನಿಜಲಿಂಗಪ್ಪನವರು ಅದಕ್ಕಾಗಿ ಪುಣೆಗೇ ಹೋಗಬೇಕಾಯಿತು.

1902ರಲ್ಲಿ ಹರಪನಹಳ್ಳಿ ತಾಲ್ಲೂಕಿನ ಹಲವಾಗಲಿನಲ್ಲಿ ಜನನ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ದಾವಣಗೆರೆ, ಚಿತ್ರದುರ್ಗದಲ್ಲಿ ಓದಿ, 1924ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪುಣೆಯ ಐ.ಎಲ್.ಎಸ್. ಲಾ ಕಾಲೇಜು ಶುರುವಾಗಿದ್ದೂ ಅದೇ ವರ್ಷ. 1926ಕ್ಕೆ ಅಲ್ಲಿಂದ ಕಾನೂನು ಪದವಿ.

ಹುಟ್ಟೂರು ಆಗ ಮದ್ರಾಸ್ ಪ್ರಾಂತ್ಯ, ಶಾಲೆ ಮೈಸೂರು ಸಂಸ್ಥಾನ, ಲಾ ಕಾಲೇಜು ಮುಂಬೈ ಪ್ರಾಂತ್ಯ. ಹಲವಾಗಲಿಂದ ದಾವಣಗೆರೆಗೆ ಬರೋದಂದ್ರೂ ಗಡಿ ದಾಟೋದೇ! ಕನ್ನಡ ನಾಡು ಹರಿದು ಹಂಚಿಹೋಗಿದ್ದನ್ನು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ನಮ್ಮ ಪಕ್ಕದ ಚಿತ್ರದುರ್ಗದಲ್ಲೇ ವಕೀಲಿಕೆ ಹಿಡಿದರು. ಕೋರ್ಟು ನೋಡಿಕೊಂಡೇ ಇದ್ದಿದ್ದರೆ ನೆಮ್ಮದಿ ಇತ್ತು. ಆದ್ರೆ 1939ರಲ್ಲಿ ತುರುವನೂರು ಸತ್ಯಾಗ್ರಹಕ್ಕಿಳಿದು ಈಚಲು ಮರ ಕಡಿದರು, ಜೈಲು ಸೇರಿದರು. ಕಾನೂನು ಓದಿದವರೇ ಕಾನೂನು ಮುರಿದರು. ಓದೇನೂ ದಂಡವಾಗಲಿಲ್ಲ ಬಿಡಿ. ಮುಂದೆ ಸಂವಿಧಾನ ರಚನಾ ಸಭೆಯಲ್ಲಿ ಕೂತರು.

ಬಳ್ಳಾರಿ ಕಡೆಯ ಕನ್ನಡ ತಾಲ್ಲೂಕುಗಳು 1953ರಲ್ಲೇ ಮೈಸೂರಿಗೆ ಸೇರಿದ್ದವು. 1956ರ ನವೆಂಬರ್ 1ರಂದು ಮುಂಬೈ, ಹೈದರಾಬಾದ್ ಕಡೆಯ ಕನ್ನಡ ಜಿಲ್ಲೆಗಳೂ ಬಂದಾಗ, ಒಂದಾದ ರಾಜ್ಯದ ಮೊದಲ ಮುಖ್ಯಮಂತ್ರಿ ಇವರೇ. 2000ದ ಆಗಸ್ಟ್ 8ರಂದು, 97ನೇ ವಯಸ್ಸಿನಲ್ಲಿ, ಚಿತ್ರದುರ್ಗದಲ್ಲೇ ಕೊನೆಯುಸಿರೆಳೆದರು.