ಹೃದಯದ ಲೆಕ್ಕ ತಿದ್ದಿದ ಹಕೀಮರು: ಇಬ್ನ್ ಅಲ್-ನಫೀಸ್

ಕಳೆದ ವರ್ಷ ನಮ್ಮ ದಾದಾಜಾನ್ ಅವರ ಹೃದಯಕ್ಕೆ ಸ್ಟೆಂಟ್ ಹಾಕಿದರು. ಅಂದು ವೈದ್ಯರು ಒಂದು ಚೀಟಿಯ ಹಿಂದೆ ಹೃದಯದ ಚಿತ್ರ ಬರೆದು ನಮಗೆ ತಿಳಿಸಿ ಹೇಳಿದರು. ಹೃದಯದ ಕೋಣೆಗಳಲ್ಲಿ ಸದಾ ರಕ್ತ ತುಂಬಿರುತ್ತದೆ. ಆದರೂ ಹೃದಯದ ಸ್ನಾಯುವಿಗೆ ಆಹಾರ ಸಿಗುವುದು ಆ ರಕ್ತದಿಂದಲ್ಲ, ಸ್ನಾಯುವಿನಲ್ಲೇ ಹರಡಿರುವ ಸಣ್ಣ ನಾಳಗಳಿಂದ. ದಾದಾಜಾನ್ ಅವರಿಗೆ ಅಂಥ ಒಂದು ನಾಳ ಕಟ್ಟಿಕೊಂಡಿತ್ತು. ನಾನು ಕಾಮರ್ಸ್ ವಿದ್ಯಾರ್ಥಿನಿ, ಈ ವಿಷಯ ನನಗೆ ಹೊಸದು. ಇದನ್ನು ಮೊದಲು ಹೇಳಿದವರು ಯಾರು ಎಂದು ಹುಡುಕಿದಾಗ ಸಿಕ್ಕ ಹೆಸರೇ ಇಬ್ನ್ ಅಲ್-ನಫೀಸ್.

ಅವರು ಸುಮಾರು 1213ರಲ್ಲಿ ದಮಾಸ್ಕಸ್ ಸೀಮೆಯಲ್ಲಿ ಹುಟ್ಟಿದರು. ಆ ನಗರದ ಹೆಸರಾಂತ ನೂರಿ ಆಸ್ಪತ್ರೆಯಲ್ಲಿ ಅಲ್-ದಖ್ವಾರ್ ಎಂಬ ಗುರುಗಳ ಬಳಿ ವೈದ್ಯ ವಿದ್ಯೆ ಕಲಿತರು. ಮುಂದೆ ಈಜಿಪ್ಟಿನ ಕೈರೋ ನಗರಕ್ಕೆ ಹೋಗಿ ಅಲ್ಲೇ ನೆಲೆಸಿದರು. ಅವರು ವೈದ್ಯರಷ್ಟೇ ಅಲ್ಲ. ಶಾಫಿ ಫಿಖ್ಹ್ ಬಲ್ಲ ಆಲಿಮರೂ ಆಗಿದ್ದು, ಕೈರೋದ ಒಂದು ಮದರಸಾದಲ್ಲಿ ಪಾಠ ಹೇಳುತ್ತಿದ್ದರು.

ಆ ಕಾಲದಲ್ಲಿ ವೈದ್ಯಶಾಸ್ತ್ರ ಎಂದರೆ ಇಬ್ಬರ ಮಾತೇ ಕೊನೆಯ ಮಾತು. ಒಬ್ಬರು ಎರಡನೆಯ ಶತಮಾನದ ಗ್ರೀಕ್ ವೈದ್ಯ ಗ್ಯಾಲೆನ್. ಉರ್ದುವಿನಲ್ಲಿ ನಾವು ಇವರನ್ನು ಜಾಲಿನೂಸ್ ಎನ್ನುತ್ತೇವೆ. ಇನ್ನೊಬ್ಬರು 'ಅಲ್-ಖಾನೂನ್' ಬರೆದ ಇಬ್ನ್ ಸೀನಾ. ಹೃದಯದ ಬಲಗಡೆಯ ಕೋಣೆಯಿಂದ ಎಡಗಡೆಯ ಕೋಣೆಗೆ ರಕ್ತ ಹೇಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಗ್ಯಾಲೆನ್ ಒಂದು ಉತ್ತರ ಕೊಟ್ಟಿದ್ದರು. ನಡುವಿನ ಗೋಡೆಯಲ್ಲಿ ಕಣ್ಣಿಗೆ ಕಾಣದ ಸಣ್ಣ ರಂಧ್ರಗಳಿವೆ, ರಕ್ತ ಅವುಗಳ ಮೂಲಕ ಸೋರುತ್ತದೆ ಎಂಬುದು ಅವರ ವಾದ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದಿದ್ದಾಗ ನಾವು ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕಿಬಿಡುತ್ತೇವಲ್ಲ, ಹಾಗೆಯೇ ಇದು. ಸಾವಿರ ವರ್ಷ ಎಲ್ಲರೂ ಅದನ್ನೇ ಒಪ್ಪಿಕೊಂಡು ಬಂದರು.

ಇಬ್ನ್ ಅಲ್-ನಫೀಸ್ ಒಪ್ಪಲಿಲ್ಲ. 'ಅಲ್-ಖಾನೂನ್' ಗ್ರಂಥದ ಅಂಗರಚನೆಯ ಭಾಗಕ್ಕೆ ಅವರು 1242ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ಒಂದು ವ್ಯಾಖ್ಯಾನ ಬರೆದರು. ಆ ಗೋಡೆ ದಪ್ಪವಾಗಿದೆ, ಅದರಲ್ಲಿ ಕಾಣುವ ರಂಧ್ರವೂ ಇಲ್ಲ, ಕಾಣದ ರಂಧ್ರವೂ ಇಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ರಕ್ತ ಬಲ ಕೋಣೆಯಿಂದ ಶ್ವಾಸಕೋಶಕ್ಕೆ ಹೋಗುತ್ತದೆ, ಅಲ್ಲಿ ಗಾಳಿಯೊಡನೆ ಬೆರೆಯುತ್ತದೆ, ಆಮೇಲೆ ಎಡ ಕೋಣೆಗೆ ಬರುತ್ತದೆ ಎಂದು ದಾರಿ ತೋರಿಸಿದರು. ಹೃದಯಕ್ಕೆ ಮೂರು ಕೋಣೆ ಎಂದ ಇಬ್ನ್ ಸೀನಾ ಅವರ ಮಾತನ್ನೂ, ಬಲ ಕೋಣೆಯ ರಕ್ತವೇ ಹೃದಯವನ್ನು ಪೋಷಿಸುತ್ತದೆ ಎಂಬ ಮಾತನ್ನೂ ತಿದ್ದಿದರು. ಹೃದಯಕ್ಕೆ ಪೋಷಣೆ ಬರುವುದು ಅದರ ಮೈಯಲ್ಲಿ ಹರಡಿದ ನಾಳಗಳಿಂದ ಎಂದರು. ನಮ್ಮ ವೈದ್ಯರು ಚೀಟಿಯ ಹಿಂದೆ ಬರೆದು ತೋರಿಸಿದ್ದೂ ಇದನ್ನೇ.

ಅವರಿಗೆ ಎಲ್ಲವೂ ತಿಳಿದಿತ್ತು ಎಂದಲ್ಲ. ರಕ್ತ ಇಡೀ ದೇಹವನ್ನು ಸುತ್ತಿ ಮರಳಿ ಹೃದಯಕ್ಕೆ ಬರುತ್ತದೆ ಎಂದು ತೋರಿಸಿದವರು ಇಂಗ್ಲೆಂಡಿನ ವಿಲಿಯಂ ಹಾರ್ವೆ, 1628ರಲ್ಲಿ. ಗಾಳಿಯಲ್ಲಿನ ಆಮ್ಲಜನಕವನ್ನು ಹೊತ್ತೊಯ್ಯುವುದು ಕೆಂಪು ರಕ್ತಕಣಗಳ ಹಿಮೋಗ್ಲೋಬಿನ್ ಎಂಬುದು ಇನ್ನೂ ತಡವಾಗಿ ತಿಳಿಯಿತು. ಸೂಕ್ಷ್ಮದರ್ಶಕವೇ ಇಲ್ಲದ ಕಾಲದಲ್ಲಿ ರಕ್ತಕ್ಕೂ ಗಾಳಿಗೂ ಸಂಬಂಧವಿದೆ ಎಂದು ಹೇಳಿದ್ದು ಸಣ್ಣ ಮಾತಲ್ಲ.

ಅವರ ಬರವಣಿಗೆಯ ವೇಗದ ಬಗ್ಗೆ ಹಳೆಯ ಚರಿತ್ರಕಾರರು ಒಂದು ಸಂಗತಿ ಹೇಳುತ್ತಾರೆ. ಒಮ್ಮೆ ಹಮಾಮಿನಲ್ಲಿ ಸ್ನಾನ ಮಾಡುತ್ತಿದ್ದವರು ನಡುವೆಯೇ ಎದ್ದು ಹೊರಗೆ ಬಂದು ಕಾಗದ, ಕಲಮು, ಮಸಿ ತರಿಸಿದರಂತೆ. ನಾಡಿಯ ಬಗ್ಗೆ ಒಂದು ಪುಸ್ತಿಕೆಯನ್ನು ಬರೆದು ಮುಗಿಸಿ, ಮತ್ತೆ ಒಳಗೆ ಹೋಗಿ ಸ್ನಾನ ಪೂರೈಸಿದರಂತೆ! ಮುನ್ನೂರು ಸಂಪುಟಗಳ ವೈದ್ಯಕೋಶ ಬರೆಯುವ ಆಸೆ ಅವರದು. ಎಂಬತ್ತು ಸಂಪುಟಗಳು ಸಿದ್ಧವಾದವು.

ಕೊನೆಯ ಕಾಯಿಲೆಯಲ್ಲಿ ಬೇರೆ ವೈದ್ಯರು ಔಷಧವಾಗಿ ಮದ್ಯ ತೆಗೆದುಕೊಳ್ಳಲು ಹೇಳಿದರು. ಮದ್ಯ ಸೇರಿದ ದೇಹದೊಂದಿಗೆ ಅಲ್ಲಾಹನ ಮುಂದೆ ಹೋಗಲಾರೆ ಎಂದು ಅವರು ನಿರಾಕರಿಸಿದರು. 1288ರ ಡಿಸೆಂಬರಿನಲ್ಲಿ ಕೈರೋದಲ್ಲಿ ತೀರಿಕೊಂಡರು. ತಮ್ಮ ಮನೆಯನ್ನೂ ಪುಸ್ತಕಗಳನ್ನೂ ಆಗ ಹೊಸದಾಗಿ ಕಟ್ಟಿದ್ದ ಮನ್ಸೂರಿ ಆಸ್ಪತ್ರೆಗೆ ಕೊಟ್ಟುಹೋದರು.

ದುಃಖದ ಸಂಗತಿ ಏನೆಂದರೆ, ಅವರ ಈ ಶೋಧ ಶತಮಾನಗಳ ಕಾಲ ಜಗತ್ತಿನ ನೆನಪಿನಿಂದ ಮರೆಯಾಗಿತ್ತು. 1924ರಲ್ಲಿ ಜರ್ಮನಿಯಲ್ಲಿ ಓದುತ್ತಿದ್ದ ಈಜಿಪ್ಟಿನ ಮುಹಿಯುದ್ದೀನ್ ಅಲ್-ತತಾವಿ ಎಂಬ ಯುವಕ ಬರ್ಲಿನ್ ಗ್ರಂಥಾಲಯದ ಹಸ್ತಪ್ರತಿಯನ್ನು ಓದಿ, ತನ್ನ ಪ್ರಬಂಧದಲ್ಲಿ ಇದನ್ನು ಬೆಳಕಿಗೆ ತಂದರು. ಪುಸ್ತಕ ಕಪಾಟಿನಲ್ಲೇ ಇತ್ತು, ಓದುವವರು ಇರಲಿಲ್ಲ.

ಗೆಳೆಯ ಗೆಳತಿಯರೇ, ಇಬ್ನ್ ಸೀನಾ ಅವರನ್ನು ಗೌರವಿಸಿದ್ದರಿಂದಲೇ ಇವರು ಅವರ ಗ್ರಂಥಕ್ಕೆ ವ್ಯಾಖ್ಯಾನ ಬರೆದರು, ತಪ್ಪು ಕಂಡಲ್ಲಿ ತಿದ್ದಿದರು. ನಾವಾದರೋ ಗೈಡಿನಲ್ಲಿರುವ ಉತ್ತರ ತಪ್ಪಿದ್ದರೂ ಹಾಗೆಯೇ ನಕಲು ಮಾಡುತ್ತೇವೆ. ನಾನೂ ಮಾಡಿದ್ದೇನೆ. ದಾದಾಜಾನ್ ಈಗ ಫಜ್ರ್ ನಮಾಜಿಗೆ ನಡೆದೇ ಹೋಗುತ್ತಾರೆ. ಅವರನ್ನು ನೋಡಿದಾಗಲೆಲ್ಲ, ಒಪ್ಪಿಕೊಂಡ ಉತ್ತರವನ್ನು ಮತ್ತೊಮ್ಮೆ ಕೇಳಿ ನೋಡಿದ ಆ ಹಕೀಮರಿಗಾಗಿ ನಾನು ದುಆ ಮಾಡುತ್ತೇನೆ.